ಕನ್ನಡಕ ತೆಗೆದಿಟ್ಟು ಕಾಯುತ್ತಿದ್ದವರು

ನಾನು ಬಾಯಿ ತೆರೆದ ಕೂಡಲೇ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಮೂಗಿನ ಎರಡೂ ಕಡೆ ಕೆಂಪಗೆ ಗುಳಿ ಬಿದ್ದಿರುತ್ತಿತ್ತು. ಅಂಗೈಗಳನ್ನು ಮೇಜಿಗೆ ಒತ್ತಿ ಸುಮ್ಮನೆ ಕೂತುಬಿಡುತ್ತಿದ್ದರು. ನನಗೆ ಉಗ್ಗು. ಮಾತು ಸಿಕ್ಕಿಕೊಂಡಾಗ ನನ್ನ ತುಟಿ, ಗದ್ದ, ಕತ್ತಿನ ನರ ಪಡುವ ಪಾಡನ್ನು ನೋಡಿ ನಗದೆ ಇದ್ದವರು ಕನಿಕರಪಡುತ್ತಿದ್ದರು. ನನಗೆ ಎರಡೂ ಬೇಡವಾಗಿತ್ತು. ಕನ್ನಡಕವಿಲ್ಲದೆ ಅವರಿಗೆ ನನ್ನ ಮುಖ ಸರಿಯಾಗಿ ಕಾಣುವುದೇ ಇಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ತಾಳ್ಮೆಯ ಮೂರ್ತಿ ಎಂದುಕೊಳ್ಳಬೇಡಿ, ಮಹಾ ಸಿಡುಕರು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಯಾರಾದರೂ ಚಿತ್ರ ಬರೆಯದೆ ಕೋಡ್ ಟೈಪ್ ಮಾಡಲು ಕೂತರೆ, "ಕಂಪೈಲರ್ ಏನು ನಿಮ್ಮ ಸೋದರಮಾವನಾ, ತಪ್ಪು ಮಾಡಿದ್ರೂ ಸುಮ್ನಿರೋಕೆ?" ಎಂದು ಎಬ್ಬಿಸುತ್ತಿದ್ದರು.

ಅವರಿಗೆ ಪ್ರಾಣವಾಗಿದ್ದ ಪಾಠ ರೆಗ್ಯುಲರ್ ಎಕ್ಸ್‌ಪ್ರೆಶನ್. ಒಂದು ಪದದಲ್ಲಿ ಯಾವ ಅಕ್ಷರ ಯಾವ ಕ್ರಮದಲ್ಲಿ ಬರಬಹುದು ಎಂದು ಹೇಳುವ ಪುಟ್ಟ ಸೂತ್ರ ಅದು. ಅದನ್ನು ಒಂದು ಯಂತ್ರವಾಗಿ ಬದಲಾಯಿಸಬೇಕು: ಹಂತಕ್ಕೊಂದು ವೃತ್ತ, ಅದರ ಹೆಸರು ಸ್ಟೇಟ್, ಅಕ್ಷರಕ್ಕೊಂದು ಬಾಣ. ಪದ ಓದಿ ಮುಗಿದಾಗ ಎರಡು ಗೆರೆಯ ವೃತ್ತದಲ್ಲಿ ನಿಂತಿದ್ದರೆ ಆ ಪದ ಪಾಸ್. ಆಮೇಲೆ ಇಡೀ ಚಿತ್ರವನ್ನು ಸಿ ಭಾಷೆಯಲ್ಲಿ ಬರೆಯಬೇಕು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಎಕ್ಸಾಮಿನರ್ ನನ್ನನ್ನು, "ಈ ಯಂತ್ರ ಏನನ್ನ ನೆನಪಿಟ್ಕೊಳ್ಳುತ್ತೆ?" ಎಂದು ಕೇಳಿದರು. ಸ್ಟೇಟ್ ಅಂದರೆ ಮುಗಿಯಿತು. ಆದರೆ 'ಸ' ನನ್ನ ಹುಟ್ಟು ಶತ್ರು.

"ಸ್ಸ್ಸ್..."

"ಸ್ಟ್ಯಾಕಾ?" ಅಂದರು.

ಅವರು ಸುಮ್ಮನಾದರೆ ಸಾಕೆಂದು ತಲೆಯಾಡಿಸಿಬಿಟ್ಟೆ. ಅದು ಶುದ್ಧ ತಪ್ಪು. ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸಿಡುವ ನೆನಪು, ಈ ಯಂತ್ರಕ್ಕೆ ಅದು ಇರುವುದೇ ಇಲ್ಲ.

ಪಕ್ಕದಲ್ಲಿದ್ದ ಮೇಷ್ಟ್ರು, "ಅದು ಅವಳು ಹೇಳಿದ್ದಲ್ಲ ಸಾರ್, ನೀವು ಹೇಳಿದ್ದು" ಎಂದರು.

"ಒಪ್ಕೊಂಡ್ಳಲ್ಲ ಸಾರ್. ಇನ್ನೂ ಇಡೀ ಬ್ಯಾಚ್ ಕಾಯ್ತಿದೆ."

ಫೇಲಾದೆ. ಓದು ಸಾಕು, ತರಗುಪೇಟೆಯಲ್ಲಿ ಅಪ್ಪನ ಬೇಳೆ ಅಂಗಡಿಯ ಒಳಕೋಣೆಯಲ್ಲಿ ಯಾರ ಕೂಡ ಮಾತಿಲ್ಲದೆ ಇದ್ದುಬಿಡೋಣ ಎಂದು ತೀರ್ಮಾನಿಸಿದೆ. ಹಾಗೆಂದು ಹೇಳಲು ಲ್ಯಾಬಿಗೆ ಹೋದರೆ ಆ ಮಾತೂ ಸಿಕ್ಕಿಕೊಂಡಿತು. ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ ಎದ್ದುಹೋಗಿ ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರಿಂದ ಹೊರಟು ಅದಕ್ಕೇ ತಿರುಗಿ ಬರುವ ಬಾಣ ಹಾಕಿದರು.

"ಎಸ್ ಎಷ್ಟು ಸಲ ಬರುತ್ತೋ ಬರಲಿ, ಇಲ್ಲೇ ಸುತ್ತುತಾ ಇರುತ್ತೆ. ಆಮೇಲೆ ಟಿ ಬರುತ್ತೆ. ಕೂತ್ಕೋ, ಕೋಡ್ ಮಾಡು."

ಮಾಡಿದೆ. ಎಸ್ ಒಂದೂ ಇಲ್ಲದ ಪದವನ್ನೂ ನನ್ನ ಯಂತ್ರ ಪಾಸ್ ಮಾಡಿತು. ಮೇಷ್ಟ್ರು ನಕ್ಕರು. "ಎಸ್ ತಪ್ಪಿಸ್ಕೊಂಡು ಓಡೋಗಿದೀಯ. ಒಂದಾದ್ರೂ ಬರಲೇಬೇಕು." ನನ್ನ ಬದುಕೂ ಹಾಗೇ ಇತ್ತು, ಸಕ್ಕರೆ ತಾ ಎಂದು ಅಮ್ಮ ಅಂಗಡಿಗೆ ಕಳಿಸಿದರೆ ಬೆಲ್ಲ ಕೇಳಿ ತರುತ್ತಿದ್ದೆ. ತಿದ್ದಿದೆ. ಸಾಲುಸಾಲು ಎಸ್ ಒತ್ತಿ, ಸ್ಟೇಟ್ ಪದದ ಉಳಿದ ಅಕ್ಷರ ಸೇರಿಸಿದೆ. ಪರದೆಯ ಮೇಲೆ 'ಅಕ್ಸೆಪ್ಟೆಡ್' ಎಂದು ಬಂತು. ಅಲ್ಲೇ ಅತ್ತುಬಿಟ್ಟೆ.

"ಕಾಯೋಕಾಗಲ್ವಂತೆ ಆ ಮನುಷ್ಯನಿಗೆ!" ಎಂದು ಅವರು ಎಕ್ಸಾಮಿನರನ್ನು ಬೈಯುತ್ತಲೇ ಇದ್ದರು.

ಮರುಪರೀಕ್ಷೆಯಲ್ಲಿ ಪಾಸಾದೆ. ಈಗ ಅದೇ ಪಾಠವನ್ನು ನಾನು ಹೇಳುತ್ತೇನೆ, ಉಗ್ಗುತ್ತಲೇ.

ಹೋದ ವರ್ಷ ಮೇಷ್ಟ್ರಿಗೆ ಸ್ಟ್ರೋಕ್ ಆಗಿ ಮಾತು ಬಿದ್ದುಹೋಯಿತು. ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಮಂಚದ ಪಕ್ಕ ನಿಂತ ನನ್ನನ್ನು ನೋಡಿ, "ಕೂ... ಕೂ..." ಅಂದರು.

"ಕೂದ್ಲು ಬಾಚ್ಬೇಕಾ? ಕೂರಿಸ್ಲಾ?" ಎಂದರು ಅವರ ಹೆಂಡತಿ, ತುಂಬಾ ಅಕ್ಕರೆಯಿಂದ. ಮೇಷ್ಟ್ರು ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದರು. ಆ ಸಿಟ್ಟು ನನಗೆ ಗೊತ್ತು.

"ಅಮ್ಮಾ, ಸ್ಸ್ಸ್ವಲ್ಪ ಕಾಯೋಣ" ಎಂದೆ. ನನಗೂ ಈಗ ಕನ್ನಡಕ ಬಂದಿದೆ. ತೆಗೆದು ಔಷಧಿಯ ಸ್ಟೂಲಿನ ಮೇಲೆ ಇಟ್ಟೆ. ಮೇಷ್ಟ್ರ ಮುಖ ಮಸುಕಾಯಿತು. ಬಹಳ ಹೊತ್ತಿನ ಮೇಲೆ ಮಾತು ಪೂರ್ತಿ ಹೊರಗೆ ಬಂತು.

"ಕೂತ್ಕೋ."

ನಾನು ಬಂದಾಗಿನಿಂದ ನಿಂತೇ ಇದ್ದೆ. ಕೂತೆ.

ಅದಾಗಿ ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದರು.

"ನೀನು ಬಂದು ಹೋಗೋವರೆಗೂ ಅವರ ಮಾತನ್ನೆಲ್ಲ ನಾನೇ ಮುಗಿಸ್ತಿದ್ದೆ ಕಣೇ. ಕಾಫಿನಾ, ನೀರಾ, ಫ್ಯಾನಾ ಅಂತ. ಅವರು ಏನೇನು..."

ಅಲ್ಲಿಗೇ ಅವರ ದನಿ ಕಟ್ಟಿತು. ಮುಂದಿನ ಪದ ನನ್ನ ನಾಲಿಗೆಯ ತುದಿಗೇ ಬಂದಿತ್ತು, ಒಂದಿಷ್ಟೂ ಉಗ್ಗಿಲ್ಲದೆ. ನುಂಗಿಕೊಂಡು, ಕನ್ನಡಕ ತೆಗೆದು ಕಾದೆ.