ಒಣಮೀನಿನ ಅಕ್ಕ

ಫಿಲಿಪಿನೊ ಭಾಷೆಯನ್ನು ನಾನು ಪ್ರೀತಿಯಿಂದ ಕಲಿತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟಿನಿಂದ ಕಲಿತೆ. ದುಬೈಯ ಅಲ್ ಕೂಜ್‌ನ ಗೋದಾಮೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿದಾಗ ನನ್ನ ಸಂಬಳಕ್ಕೆ ದಕ್ಕಿದ್ದು ಒಂದು ಬೆಡ್‌ಸ್ಪೇಸ್. ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ, ಸುತ್ತ ಒಂದು ಪರದೆ. ಉಳಿದ ಮಂಚಗಳಲ್ಲಿ ಫಿಲಿಪಿನೊ ಹುಡುಗಿಯರು. ಪರದೆಯಾಚೆ ಅವರು ಕಿಲಕಿಲ ನಕ್ಕಾಗಲೆಲ್ಲ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಮೈಯೆಲ್ಲ ಉರಿಯುತ್ತಿತ್ತು. ಬೈಸಿಕೊಂಡರೂ ಅರ್ಥ ಮಾಡಿಕೊಂಡೇ ಬೈಸಿಕೊಳ್ಳುತ್ತೇನೆ ಎಂದು ಹಟಕ್ಕೆ ಬಿದ್ದು ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಅವರು ನಗುತ್ತಿದ್ದದ್ದು ತಮ್ಮ ಮ್ಯಾನೇಜರನನ್ನು ನೆನೆದು. ಅಷ್ಟು ಹೊತ್ತಿಗೆ ಭಾಷೆ ನಾಲಗೆಯ ಮೇಲೆ ಕೂತುಬಿಟ್ಟಿತ್ತು.

ಒಂದು ಶುಕ್ರವಾರ, ಊರಿನಿಂದ ತಂದು ಹೆದರಿ ಬಚ್ಚಿಟ್ಟಿದ್ದ ಒಣಮೀನನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಹುರಿದೆ. ವಾಸನೆಗೆ ಬಾಗಿಲು ಬಡಿಯುತ್ತಾರೆ, ಮನೆ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಬಾಗಿಲು ಬಡಿದದ್ದು ನಿಜ. ಆದರೆ ಬಡಿದವರು ಕೋಣೆಯ ಹುಡುಗಿಯರು, ಕೈಯಲ್ಲಿ ಅನ್ನದ ತಟ್ಟೆ ಹಿಡಿದುಕೊಂಡು. ಅವರ ಊರಿನಲ್ಲೂ ಅದೇ ಉಪ್ಪು, ಅದೇ ಬಿಸಿಲು, ಅದೇ ಮೀನು. ಒಬ್ಬಳು ತಿನ್ನುತ್ತಲೇ ಅತ್ತಳು. ಇನ್ನೊಬ್ಬಳು ಫೋನ್ ಎತ್ತಿ ಹಿಡಿದು, ನಿಮ್ಮಲ್ಲಿ ಹೇಗೆ ಹುರಿಯುತ್ತಾರೆ ಹೇಳು ಎಂದಳು. ಅವರ ಭಾಷೆಯಲ್ಲೇ, ನಮ್ಮ ಕರಾವಳಿಯ ರಾಗ ಎಳೆದು ಹೇಳಿದೆ. ಆ ವಿಡಿಯೊ ಮನಿಲಾ ಮುಟ್ಟಿ ವಾಪಸು ಬಂತು. ಮೆಟ್ರೊದಲ್ಲಿ ಗುರುತಿಲ್ಲದವರು ‘ಆತೆ!’ ಎಂದು ಕೂಗತೊಡಗಿದರು. ಆತೆ ಎಂದರೆ ಅಕ್ಕ. ನಾನು ಅವರಿಗೆಲ್ಲ ಒಣಮೀನಿನ ಅಕ್ಕನಾದೆ.

ನಮ್ಮವರಿಗೆ ಮಾತ್ರ ನಾನು ಬಿಸಿತುಪ್ಪವಾದೆ, ನುಂಗಲೂ ಆಗದು, ಉಗುಳಲೂ ಆಗದು. ಹೆಸರು ಬಂದದ್ದು ಬೇಕಿತ್ತು, ವಾಸನೆ ಬೇಡವಾಗಿತ್ತು. ‘ನಮ್ಮ ಭಾಷೆಗೆ ಎಂತ ಆಗಿದೆ?’ ಎಂದು ಕೇಳಿದವರೆಲ್ಲ ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲೇ ಗದರಿಸುವವರು.

ಆಮೇಲೆ ಅಮ್ಮ ವಿಸಿಟ್ ವೀಸಾದಲ್ಲಿ ಬಂದಳು. ಅಮ್ಮ ಮಲ್ಪೆಯವಳು, ತಲೆಯ ಮೇಲೆ ಬುಟ್ಟಿ ಹೊತ್ತು ಒಣಮೀನು ಮಾರಿ ನನ್ನನ್ನು ಬಿಕಾಂ ಓದಿಸಿದವಳು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಸೀಟು ಬದಲಿಸುವುದನ್ನು ಅವಳ ಮಡಿಲಲ್ಲಿ ಕೂತೇ ನೋಡಿದ್ದೇನೆ. ಆಗೆಲ್ಲ ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿ ಅಡಗಿಸಿಕೊಳ್ಳುತ್ತಿದ್ದಳು. ಬುಟ್ಟಿ ಇಳಿಸಿ ವರ್ಷಗಳಾದರೂ ಆ ಅಭ್ಯಾಸ ಬಿಟ್ಟಿಲ್ಲ. ಅವಳನ್ನೇ ಒಲೆಯ ಮುಂದೆ ನಿಲ್ಲಿಸಿ ವಿಡಿಯೊ ಮಾಡಿದೆ. ಅವಳು ತುಳುವಿನಲ್ಲಿ ಹೇಳಿದಳು, ನಾನು ಫಿಲಿಪಿನೊಗೆ ದಾಟಿಸಿದೆ. ಅದರ ಮುಂದೆ ನನ್ನ ಹಳೆಯ ವಿಡಿಯೊಗಳೆಲ್ಲ ಸಪ್ಪೆಯಾದವು.

ನಮ್ಮ ಊರವರ ಸಂಘದ ಹಿರಿಯರೊಬ್ಬರು ಫೋನ್ ಮಾಡಿದರು.

“ಎಂತ ಮಾರಾಯ್ತಿ, ಇಷ್ಟು ಫೇಮಸ್ ಆಗಿದ್ದಿ, ನಿನಗೊಂದು ಸನ್ಮಾನ ಮಾಡುವ ಅಂತ ಉಂಟು. ಒಂದೇ ವಿಷಯ, ಅಮ್ಮನ ಆ ವಿಡಿಯೊ ತೆಗೆದುಬಿಡು. ಸ್ಟೇಜಿನಲ್ಲಿ ಸೀಫುಡ್ ಬಿಸಿನೆಸ್ ಫ್ಯಾಮಿಲಿ ಅಂತ ಹೇಳುವ. ದೊಡ್ಡ ದೊಡ್ಡವರು ಬರ್ತಾರೆ. ಒಂದು ಬಟನ್ ಒತ್ತಿದ್ರೆ ಖಲಾಸ್.”

“ಬುಟ್ಟಿಗೆ ಬಿಸಿನೆಸ್ ಅಂತ ಹೇಳುದಾ?” ಎಂದೆ. “ವಿಡಿಯೊ ತೆಗಿಯುದಿಲ್ಲ. ಅಮ್ಮನೂ ಬರ್ತಾಳೆ. ಬೇಡ ಅಂತಾದ್ರೆ ಈಗಲೇ ಹೇಳಿ.”

ಆಮಂತ್ರಣದಲ್ಲಿ ನನ್ನ ಫೋಟೊ ಆಗಲೇ ಅಚ್ಚಾಗಿತ್ತು. “ನೋಡುವ” ಎಂದು ಅವರು ಫೋನ್ ಇಟ್ಟರು.

ಊದ್ ಮೇಥಾದ ಸಭಾಂಗಣದಲ್ಲಿ ನನ್ನನ್ನು ಮುಂದಿನ ಸಾಲಿಗೆ ಕರೆದರು. ಅಮ್ಮನನ್ನು ಊಟದ ಮೇಜುಗಳ ಪಕ್ಕ, ಕೊನೆಯ ಸಾಲಿನಲ್ಲಿ ಕೂರಿಸಿದರು. ಅಲ್ಲಿ ಎಸಿ ಕಡಿಮೆಯಂತೆ, ವಯಸ್ಸಾದವರಿಗೆ ಒಳ್ಳೆಯದಂತೆ. ನನಗೂ ಚಳಿ ಎಂದು ಎದ್ದುಹೋಗಿ ಅವಳ ಪಕ್ಕದಲ್ಲೇ ಕೂತೆ. ಮತ್ತೆ ಮತ್ತೆ ಕರೆದರೂ ಏಳಲಿಲ್ಲ.

ಮೇಜಿನ ಮೇಲೆ ತಟ್ಟೆ ಜೋಡಿಸುತ್ತಿದ್ದ ಕೇಟರಿಂಗಿನ ಫಿಲಿಪಿನೊ ಹುಡುಗಿಯೊಬ್ಬಳು ಅಮ್ಮನನ್ನು ನೋಡಿದವಳೇ ಕೆಲಸ ಬಿಟ್ಟು ಓಡಿಬಂದಳು. “ನಾನಾಯ್!” ಎಂದಳು. ಅಮ್ಮಾ ಎಂದು ಅರ್ಥ. ಅವರಲ್ಲಿ ಹಿರಿಯರನ್ನು ಕಂಡರೆ ಬಾಗಿ, ಅವರ ಕೈಯನ್ನು ತಮ್ಮ ಹಣೆಗೆ ಒತ್ತಿಕೊಳ್ಳುವ ಪದ್ಧತಿ ಇದೆ, ನಾವು ಕಾಲಿಗೆ ಬೀಳುವಂತೆ. ಅವಳು ಅಮ್ಮನ ಕೈಗಾಗಿ ಕೈ ಚಾಚಿದಳು. ಅಮ್ಮ ಬೆಚ್ಚಿ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬೊಡ್ಚಿ ಮಗಾ, ಬೇಡ. ಕೈ ವಾಸನೆ ಬರ್ತದೆ.”

ಬೆಳಿಗ್ಗೆಯಿಂದ ಆ ಕೈ ಮುಟ್ಟಿದ್ದು ಮುಡಿಯ ಮಲ್ಲಿಗೆಯನ್ನು ಮಾತ್ರ. ನನಗೆ ಸಿಟ್ಟು ಬಂತು. ಅಮ್ಮನ ಮೇಲಲ್ಲ, ಆ ಬಸ್ಸುಗಳ ಮೇಲೆ, ಈ ಸಭಾಂಗಣದ ಮೇಲೆ. ಕೈಯಲ್ಲಿ ಮೀನಿನ ವಾಸನೆ ಇದೆ ಎನ್ನುತ್ತಿದ್ದಾಳೆ ಎಂದು ಹುಡುಗಿಗೆ ಅವಳ ಭಾಷೆಯಲ್ಲಿ ಹೇಳಿದೆ.

“ನನ್ನಮ್ಮನ ಕೈಯೂ ಹಾಗೇ ಅಕ್ಕಾ,” ಎಂದು ಹುಡುಗಿ ನಕ್ಕಳು. ಸೆರಗನ್ನು ಮೆಲ್ಲಗೆ ಸರಿಸಿ, ಕೈ ಹುಡುಕಿ ತೆಗೆದು ಹಣೆಗೆ ಒತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಏಪ್ರನ್ ಕಟ್ಟಿದ ಅಡುಗೆಯವನು. ವೇದಿಕೆಯಲ್ಲಿ ಭಾಷಣ ನಡೆದೇ ಇತ್ತು, ಆದರೆ ಮುಂದಿನ ಸಾಲಿನ ದೊಡ್ಡವರೂ ಹಿಂದಕ್ಕೆ ತಿರುಗಿ ಕೂತಿದ್ದರು.

ನನ್ನ ಹೆಸರು ಕರೆದಾಗ ಅಮ್ಮನ ಕೈ ಹಿಡಿದುಕೊಂಡೇ ಮೇಲೆ ಹೋದೆ. ಶಾಲನ್ನು ಅವಳ ಹೆಗಲಿಗೆ ಹೊದಿಸಿ ಎಂದೆ, ಹೊದಿಸಿದರು. ಬೇರೆ ದಾರಿ ಇರಲಿಲ್ಲ. ಮೈಕಿನಲ್ಲಿ, “ನಮ್ಮಮ್ಮ ಬೀದಿ ಬೀದಿ ತಿರುಗಿ ಒಣಮೀನು ಮಾರಿದವಳು. ವಿಡಿಯೊ ಅಲ್ಲೇ ಉಂಟು, ನೋಡಿ” ಎಂದು ಕನ್ನಡದಲ್ಲಿ ಹೇಳಿದೆ. ಅಮ್ಮನಿಗಾಗಿ ತುಳುವಿನಲ್ಲಿ, ಊಟದ ಮೇಜಿನವರಿಗಾಗಿ ಫಿಲಿಪಿನೊದಲ್ಲಿ ಮತ್ತೆ ಹೇಳಿದೆ. ಚಪ್ಪಾಳೆ ಮೊದಲು ಬಂದದ್ದು ಊಟದ ಮೇಜಿನ ಕಡೆಯಿಂದ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅಮ್ಮ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

“ವಾಸನೆ ಉಂಟಾ ನೋಡು.”

ಮಲ್ಲಿಗೆಯದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ.

“ಉಂಟು,” ಎಂದೆ. “ಇರ್ಲಿ.”

ಅಮ್ಮ ಜೋರಾಗಿ ನಕ್ಕಳು. ಆ ಕೈಯನ್ನು ಸೆರಗಿನಿಂದ ಮುಚ್ಚದೆ ಮಡಿಲ ಮೇಲೆ ಹಾಗೇ ಬಿಟ್ಟಳು.