ನೀರಿನಲ್ಲಿ ಕೆಡದ ಹಣ್ಣು

ಇನ್ನಂಜೆಯ ಬೆನೆಡಿಕ್ಟಾ ಬಾಯಿ ಉಪ್ಪನ್ನು ಅಳೆಯುತ್ತಿದ್ದುದು ಕೋಳಿಮೊಟ್ಟೆಯಲ್ಲಿ. ಕುದಿಸಿ ಆರಿಸಿದ ಉಪ್ಪುನೀರಿಗೆ ಮೊಟ್ಟೆ ಬಿಡುವುದು. ಮುಳುಗಿದರೆ ಇನ್ನೊಂದು ಹಿಡಿ ಉಪ್ಪು, ತೇಲಿ ತಲೆ ತೋರಿಸಿದರೆ ಸರಿ. ಆ ನೀರಿಗೆ ಬಿದ್ದ ಕರಂಡೆಕಾಯಿ, ಘಟ್ಟದ ಮೇಲಿನವರ ಕವಳಿಕಾಯಿ, ಮುಂದಿನ ಬೇಸಿಗೆಯವರೆಗೂ ಕಚ್ಚಿದರೆ ಕಟುಂ ಎನ್ನುತ್ತಿತ್ತು. ಪಾದೆಕಲ್ಲಿನ ಮೇಲಿನ ಮುಳ್ಳುಪೊದೆಗಳಿಂದ ಕಾಯಿ ಕಿತ್ತು, ತೊಟ್ಟಿನಿಂದ ಸೋರುವ ಅಂಟುಹಾಲು ತೊಳೆದು, ಭರಣಿಗೆ ತುಂಬುವುದು ಮದುವೆಯಾಗಿ ಬಂದ ವರ್ಷದಿಂದ ಅವರ ಕೆಲಸ. ಆದಿ ಉಡುಪಿಯ ಸರ್ವೋತ್ತಮನ ಅಂಗಡಿಯಲ್ಲಿ ‘ಬಾಯಮ್ಮನ ಕರಂಡೆ’ ಎಂದೇ ಅದಕ್ಕೆ ಹೆಸರು.

ಆದರೆ ಬಿ.ಪಿ. ಬಂದ ಊರಿಗೆ ಉಪ್ಪು ಬೇಡವಾಯಿತು. ಗಿರಾಕಿಗಳೆಲ್ಲ ಉಪ್ಪು ಕಡಿಮೆ ಮಾಡಿ ಎಂದರು. ಬಾಯಿ ಮೊದಲ ಸಲ ಮೊಟ್ಟೆ ಮುಳುಗಿದ್ದನ್ನು ಕಂಡೂ ಸುಮ್ಮನಾದರು. ಆ ಮಳೆಗಾಲದಲ್ಲಿ ಬಾಟಲಿಗಳ ಬಾಯಲ್ಲಿ ಬಿಳಿ ಪೊರೆ ಕಟ್ಟಿತು. ಮಾರಿದ್ದೆಲ್ಲ ತಿರುಗಿ ಬಂತು.

“ಕೆಡದ ಹಾಗೆ ಇಡುವ ಪೌಡರ್ ಉಂಟಲ್ಲ, ಅದನ್ನು ಸ್ವಲ್ಪ ಹಾಕಿ ಬಾಯಮ್ಮ, ಎಲ್ಲರೂ ಹಾಕುವುದೇ,” ಎಂದ ಸರ್ವೋತ್ತಮ, ಮುಂದಿನ ಬೇಸಿಗೆಯಲ್ಲಿ. “ಈ ಮಳೆಗೂ ಬೂಷ್ಟು ಬಂದರೆ ನಿಮ್ಮ ಮಾಲು ಇಡಲಿಕ್ಕೆ ನನ್ನಿಂದ ಆಗುವುದಿಲ್ಲ.”

“ವಿಷ ಹಾಕಿ ಊರಿಗೆ ಬಡಿಸಲಿಕ್ಕೆ ನನ್ನಿಂದಲೂ ಆಗುವುದಿಲ್ಲ ಸರ್ವೋತ್ತಮಣ್ಣ.”

ಅವನು ಪೌಡರಿನ ಪೊಟ್ಟಣವನ್ನು ಅವರ ಚೀಲದೊಳಗೆ ಹಾಕಿಯೇ ಕಳಿಸಿದ. ಅದು ಅಡಿಗೆಮನೆಯ ಹಲಗೆಯ ಮೇಲೆ, ಒಡೆಯದೆ, ಉಳಿಯಿತು.

ಮೇ ಕೊನೆಗೆ ತಂಗಿಯ ಮಗಳು ಜೆನಿಫರ್ ರಜೆಯಲ್ಲಿ ಬಂದಳು. ಅವಳು ಫಿನ್ಲೆಂಡಿನ ಉತ್ತರಕ್ಕೆ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಚಾಕೊಲೇಟಿನ ಜೊತೆ ಅವಳ ಪೆಟ್ಟಿಗೆಯಿಂದ ಒಂದು ಗಾಜಿನ ಬಾಟಲಿ ಹೊರಬಂತು. ಒಳಗೆ ಕೆಂಪು ನೀರು, ಅದರಲ್ಲಿ ಬಟಾಣಿಯಷ್ಟೇ ಗಾತ್ರದ ಕೆಂಪು ಹಣ್ಣುಗಳು.

“ಲಿಂಗನ್‌ಬೆರಿ, ಮಾವ್ಶಿ. ಅಲ್ಲಿಯ ಕಾಡಿನದ್ದು. ನಾನೇ ಕೊಯ್ದದ್ದು.”

“ಉಪ್ಪು ಎಷ್ಟು ಹಾಕಿದ್ದೀ?”

“ಉಪ್ಪಿಲ್ಲ.”

“ಸಕ್ಕರೆ?”

“ಅದೂ ಇಲ್ಲ. ಬರೀ ಕುದಿಸಿ ಆರಿಸಿದ ನೀರು. ಹೋದ ಸೆಪ್ಟೆಂಬರಿನಲ್ಲಿ ತುಂಬಿಸಿದ್ದು.”

ಬಾಯಿ ನಕ್ಕೇ ಬಿಟ್ಟರು. “ನರ್ಸ್ ಕೆಲಸ ಕಲಿತೆ, ಅಡಿಗೆ ಕಲಿಯಲಿಲ್ಲ ನೀನು. ಅಲ್ಲಿ ಊರೇ ಫ್ರಿಜ್ಜು, ಅದಕ್ಕೆ ಉಳಿದಿದೆ. ಇಲ್ಲಿಡು, ನಾಲ್ಕು ದಿನಕ್ಕೆ ನಾರುತ್ತದೋ ಇಲ್ಲವೋ ನೋಡುವ.”

ಬಾಟಲಿಯನ್ನು ಕಿಟಕಿಯ ದಂಡೆಯ ಮೇಲೆ, ಈ ವರ್ಷವೂ ಉಪ್ಪು ಕಡಿಮೆ ಹಾಕಿದ ಕರಂಡೆಯ ಬಾಟಲಿಯ ಪಕ್ಕದಲ್ಲೇ ಇಟ್ಟರು.

ನಾಲ್ಕು ದಿನದಲ್ಲಿ ಏನೂ ಆಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ಬೆಂಕಿಪೆಟ್ಟಿಗೆ ತಂಡಿಯಾಯಿತು, ಹಪ್ಪಳ ಮೆತ್ತಗಾಯಿತು, ಇಗರ್ಜಿಗೆ ಹೋಗುವ ಚಪ್ಪಲಿಯ ಪಟ್ಟಿಯ ಮೇಲೂ ಹಸಿರು ಬೂಷ್ಟು ಹತ್ತಿತು. ಕರಂಡೆಯ ಮೇಲೆ ಮತ್ತೆ ಅದೇ ಬಿಳಿ ಪೊರೆ. ಬಾಯಿ ಪಕ್ಕದ ಬಾಟಲಿಯನ್ನು ಬೆಳಕಿಗೆ ಹಿಡಿದರು. ಕೆಂಪು ನೀರು ತಿಳಿಯಾಗಿತ್ತು. ಮುಚ್ಚಳ ತೆರೆದು ಮೂಸಿದರು. ಒಂದು ಹಣ್ಣು ಕಚ್ಚಿದರು. ಹುಳಿ, ಹಿಂದಿನಿಂದ ತುಸು ಕಹಿ. ಸಿಪ್ಪೆ ಇನ್ನೂ ಬಿಗಿ.

“ಜೆನಿ, ಇಲ್ಲಿ ಬಾ! ಈ ಗಿಡ ಎಂತದ್ದು? ಎಷ್ಟು ದೊಡ್ಡದು?”

ಜೆನಿಫರ್ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಪೈನ್ ಮರಗಳ ಬುಡದಲ್ಲಿ ನೆಲಕ್ಕೆ ಅಂಟಿದಂತಹ ಪೊದೆ, ದಪ್ಪ ಪುಟ್ಟ ಎಲೆಗಳು. ಅದೇ ಜಾಗದ್ದು ಮತ್ತೊಂದು ಚಿತ್ರ, ಬರೀ ಬಿಳಿ.

“ಇದರಲ್ಲಿ ಗಿಡ ಎಲ್ಲುಂಟು?”

“ಹಿಮದ ಅಡಿಯಲ್ಲಿ. ಆರು ತಿಂಗಳು ಅಲ್ಲೇ. ಎಲೆ ಉದುರುವುದಿಲ್ಲ, ಹಸಿರೇ ಇರುತ್ತದೆ. ಹಿಮ ಕರಗಿದಾಗ ಕೆಲವು ಹಣ್ಣು ಇನ್ನೂ ಕಡ್ಡಿಯಲ್ಲೇ ಇರುತ್ತವೆ.”

“ಕೊಳೆಯದೆ?”

“ಹಣ್ಣಿನೊಳಗೆ ಬೆಂಜೋಯಿಕ್ ಆಮ್ಲ ಅಂತ ಉಂಟು, ಗಿಡವೇ ಮಾಡಿಕೊಳ್ಳುವುದು. ಅದೂ ಹುಳಿಯೂ ಸೇರಿದರೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ.” ಹಾಗೆನ್ನುತ್ತ ಅವಳ ಕಣ್ಣು ಹಲಗೆಯ ಮೇಲಿನ ಪೊಟ್ಟಣಕ್ಕೆ ಹೋಯಿತು. ತೆಗೆದು ಓದಿದಳು. “ಸೋಡಿಯಂ ಬೆಂಜೋಯೇಟ್. ಮಾವ್ಶಿ, ಇದು ಅದರದ್ದೇ ಲವಣ. ಹುಳಿ ನೀರಿಗೆ ಬಿದ್ದರೆ ಪುನಃ ಆ ಆಮ್ಲವೇ ಆಗುತ್ತದೆ.”

ಬಾಯಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹೊರಗೆ ಹೆಂಚಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು. ಇಷ್ಟು ವರ್ಷ ಅವರು ಕಾಯಿ ಕೆಡದ ಹಾಗೆ ಕಾಯ್ದದ್ದು ಸಮುದ್ರದ ಉಪ್ಪಿನಿಂದ. ಎಲ್ಲೋ ಭೂಮಿಯ ನೆತ್ತಿಯ ಹತ್ತಿರ, ಬಿಸಿಲು ಕಾಣದ ಕತ್ತಲಲ್ಲಿ, ಯಾರೂ ಹೇಳಿಕೊಡದೆ, ಯಾರ ಭರಣಿಯೂ ಇಲ್ಲದೆ, ಒಂದು ಗೇಣಿನ ಗಿಡ ತನ್ನ ಹಣ್ಣನ್ನು ತಾನೇ ಕಾಯ್ದುಕೊಳ್ಳುತ್ತದೆ. ಅವರು ಹಣೆಗೂ ಎದೆಗೂ ಕೈ ಮುಟ್ಟಿಸಿ ಶಿಲುಬೆಯ ಗುರುತು ಹಾಕಿಕೊಂಡರು.

“ಹಾಗಾದರೆ ಇದು ವಿಷ ಅಲ್ಲ.”

“ಗಿಡದಲ್ಲಿ ಉಂಟೆಂದು ಎಷ್ಟು ಹಾಕಿದರೂ ನಡೆಯುತ್ತದೆ ಎಂದಲ್ಲ. ಉಪ್ಪೂ ಹಾಗೆಯೇ ಅಲ್ವಾ? ಚಿಟಿಕೆ ಲೆಕ್ಕ ಬೇಡ, ತೂಗಿ ಹಾಕಬೇಕು.”

“ಮೊಟ್ಟೆ ತೇಲಿಸಿ ನೋಡಲಿಕ್ಕೆ ಆಗುವುದಿಲ್ಲ ಹೇಳು!”

ಜೆನಿಫರ್ ಕಾನೂನಿನ ಮಿತಿ ಹುಡುಕಿ ಓದಿ ಹೇಳಿದಳು; ಬಂಗಾರ ತೂಗುವಂತಹ ಸಣ್ಣ ತಕ್ಕಡಿ ತರಿಸಿದರು. ಪೊರೆ ಕಟ್ಟಿದ್ದನ್ನು ಚೆಲ್ಲಿ, ದೊಡ್ಡ ಭರಣಿಯಲ್ಲಿ ತುಂಬು ಉಪ್ಪಿನಲ್ಲಿದ್ದ ಕಾಯಿ ತೆಗೆದು, ಉಪ್ಪು ಬಿಡಿಸಿ, ಹೊಸ ಹುಳಿನೀರಿಗೆ ಹಾಕಿದರು. ಮಳೆಯ ನಡುವೆಯೂ ಈ ಸಲ ನೀರು ತಿಳಿಯಾಗಿಯೇ ನಿಂತಿತು.

ಜುಲೈಯಲ್ಲಿ ಆ ಬಾಟಲಿಗಳನ್ನು ಹೊತ್ತು ಅಂಗಡಿಗೆ ಹೋದಾಗ ಸರ್ವೋತ್ತಮನಿಗೆ ಖುಷಿಯೋ ಖುಷಿ. ಬಾಟಲಿಗೆ ಅಂಟಿಸಿದ ಚೀಟಿ ಓದಿದ ಮೇಲೆ ಮುಖ ಇಳಿಯಿತು. ‘ಕರಂಡೆ’ ಎಂಬಷ್ಟೇ ದಪ್ಪ ಅಕ್ಷರದಲ್ಲಿ ಬಾಯಿ ಕೈಯಿಂದ ಬರೆದಿದ್ದರು: ‘ಕೆಡದಿರಲಿ ಎಂದು ಸೋಡಿಯಂ ಬೆಂಜೋಯೇಟ್ ಹಾಕಿದೆ.’

“ಎಂತ ಮಾಡಿದಿರಿ ಮಾರಾಯ್ರೇ! ಮೂಲೆಯಲ್ಲಿ ಸಣ್ಣಕ್ಕೆ ಬರೆದರೆ ಸಾಕಿತ್ತು. ಇದನ್ನು ನೋಡಿದರೆ ಗಿರಾಕಿ ಓಡುತ್ತಾನೆ.”

“ಓಡಲಿ. ಹಾಕುವುದಾದರೆ ಹೇಳಿಯೇ ಹಾಕುವುದು. ಅಡಗಿಸಿದರೆ ಆಗ ಅದು ವಿಷ.”

ಅಷ್ಟರಲ್ಲಿ ಅಲ್ಲೇ ಬೆಲ್ಲ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ಬಾಟಲಿ ಎತ್ತಿ ಓದಿದರು. “ಇದೆಂತ ಬಾಯಮ್ಮ, ನೀವೂ ಕೆಮಿಕಲ್ ಶುರು ಮಾಡಿದಿರಾ?”

ಸರ್ವೋತ್ತಮ ಹಣೆ ಚಚ್ಚಿಕೊಂಡ. ಬೆನೆಡಿಕ್ಟಾ ಬಾಯಿ ಕೊಡೆಯನ್ನು ಗೋಡೆಗೆ ಒರಗಿಸಿ, ಬಗ್ಗಿ, ಅಂಗೈಯನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಹಿಡಿದರು.

“ಇಷ್ಟೇ ಎತ್ತರದ ಒಂದು ಗಿಡ ಉಂಟು,” ಎಂದರು. ಹೆಂಗಸು ಬಾಟಲಿ ಕೆಳಗಿಡದೆ, ಆ ಕೈಯನ್ನೇ ನೋಡುತ್ತ ನಿಂತರು.