ನಿಜ್ವಾ ಓಣಿಯಲ್ಲಿ ಲೋಲಕ್ಕನ ಚೀಲ

ಬೆಳಗಿನ ಬಾಂಗ್ ಮುಗಿದಿದೆ. ನಿಜ್ವಾ ಕೋಟೆಯ ಗುಂಡು ಬುರುಜಿನ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಹಳೆಯ ಮಣ್ಣಿನ ಮನೆಯೊಂದನ್ನು ರಿಪೇರಿ ಮಾಡಿ ಎಬ್ಬಿಸಿದ ಅತಿಥಿಗೃಹದ ಹಿತ್ತಲಲ್ಲಿ ಲೋಲಾಕ್ಷಿ ಕಪ್ಪು ಅಬಾಯಗಳನ್ನು ಒಂದೊಂದಾಗಿ ಕೊಡವುತ್ತಿದ್ದಾರೆ. ಒಮಾನಿನ ಹೆಂಗಸರು ಬಟ್ಟೆಯ ಮೇಲೆ ತೊಡುವ, ಕಾಲಿನ ಗಂಟಿನವರೆಗೆ ಇಳಿಯುವ ನಿಲುವಂಗಿ ಅದು. ನಿನ್ನೆ ತೊಟ್ಟವರ ಬೆವರು ಮತ್ತು ಸೆಂಟು ಎರಡೂ ಹೋಗಬೇಕಾದರೆ ಬರೀ ಒಗೆದು ಇಸ್ತ್ರಿ ಹಾಕಿದರೆ ಸಾಲದು. ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆಯ ಮೇಲೆ ಬಟ್ಟೆ ಹಿಡಿಯಬೇಕು. ಕಣ್ಣು ಉರಿಯುತ್ತದೆ. ಯೂನಿಫಾರ್ಮಿನ ತೋಳಿಗೆ ಒರೆಸಿಕೊಂಡು ಅವರು ಮುಂದಿನ ಅಬಾಯಕ್ಕೆ ಕೈ ಹಾಕುತ್ತಾರೆ.

"ಬೇರೆಯವರು ಹಾಕಿ ಬಿಟ್ಟದ್ದು ಅಂತ ಗೊತ್ತಾಗ್ಬಾರ್ದು ನೋಡಿ. ದೂರದಿಂದ ಬಂದವರು. ಮೈಗೆ ಹಾಕುವಾಗ ಅಸಹ್ಯ ಆಗ್ಬಾರ್ದು," ಎನ್ನುತ್ತಾರೆ.

ಮಡಚಿದ ಅಬಾಯಗಳು, ತಲೆಗೆ ಸುತ್ತುವ ಶಾಲುಗಳು, ನೀರಿನ ಬಾಟಲಿ, ಖರ್ಜೂರದ ಡಬ್ಬಿ, ಬ್ಯಾಂಡೇಜು, ಕಾಗದದ ಕರವಸ್ತ್ರ ಎಲ್ಲವೂ ಒಂದು ಕ್ಯಾನ್ವಾಸ್ ಚೀಲದೊಳಗೆ ಹೋಗುತ್ತವೆ. ಚೀಲ ಲೋಲಾಕ್ಷಿಯವರ ಹೆಗಲೇರುತ್ತದೆ. ಇನ್ನು ಬಿಸಿಲು ಏರಿ ಕಾಲಡಿಯ ಕಲ್ಲು ಸುಡುವವರೆಗೂ ಅದು ಕೆಳಗಿಳಿಯುವುದಿಲ್ಲ.

ನಿಜ್ವಾ ಹಳೆಯ ಊರು. ಒಂದು ಕಾಲಕ್ಕೆ ನಾಡನ್ನು ಆಳುತ್ತಿದ್ದ ಇಮಾಮರ ರಾಜಧಾನಿ. ಕೋಟೆ, ಮಸೀದಿ, ಸಂತೆ, ಮಣ್ಣಿನ ಗೋಡೆಗಳ ಕೇರಿ, ಮನೆಗಳ ನಡುವೆಯೇ ಹರಿಯುವ ನೀರಿನ ಕಾಲುವೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಒಂದು ಸಲಕ್ಕೆ ಒಂದೇ ಕುಟುಂಬವನ್ನು ಜತೆಗೆ ಕರೆದುಕೊಂಡು ಇದನ್ನೆಲ್ಲ ನಡೆದು ತೋರಿಸುವುದು ಈ ಅತಿಥಿಗೃಹದ ವಿಶೇಷ. ಮುಂದೆ ಗೈಡ್ ಫಾತಿಮಾ ಇರುತ್ತಾರೆ. ಇದೇ ಊರಿನ ಹೆಣ್ಣುಮಗಳು, ಲೈಸೆನ್ಸ್ ಇರುವವರು, ಇಂಗ್ಲಿಷಿನಲ್ಲಿ ಕಥೆ ಹೇಳಲು ನಿಂತರೆ ಮಕ್ಕಳು ಕೂಡ ಮೊಬೈಲು ಕೆಳಗಿಡುತ್ತಾರೆ. ಎಲ್ಲರಿಗಿಂತ ಹಿಂದೆ ಲೋಲಾಕ್ಷಿ.

ಹಿಂದೆ ಇರುವವರ ಕೆಲಸ ಯಾರ ಫೋಟೊದಲ್ಲೂ ಬೀಳುವುದಿಲ್ಲ. ಮಸೀದಿಯ ಅಂಗಳದ ಹೊರಗೆ ಹೆಂಗಸರಿಗೆ ಅಬಾಯ ತೊಡಿಸಿ, ಜಾರದ ಹಾಗೆ ಶಾಲು ಸುತ್ತಿ, ಬಿಟ್ಟ ಚಪ್ಪಲಿಗಳನ್ನು ಜೋಡಿಸಿ ಕಾಯುವುದು. ಎತ್ತರ ಮೆಟ್ಟಿಲಿನಲ್ಲಿ ತೋಳು ಕೊಡುವುದು. ಸುಸ್ತಾದವರನ್ನು ನೆರಳಿಗೆ ಕೂರಿಸಿ ಬಾಯಿಗೊಂದು ಖರ್ಜೂರ ಇಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾರೋ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಾಗ ಟಾಯ್ಲೆಟ್ ತೋರಿಸುವುದು.

"ನನ್ನ ಹತ್ರ ಯಾರೂ ಕೋಟೆ ಎಷ್ಟು ಹಳತು ಅಂತ ಕೇಳುದಿಲ್ಲ. ಕೇಳುದು ಅದೊಂದೇ," ಎಂದು ಲೋಲಾಕ್ಷಿ ನಗುತ್ತಾರೆ. ನಕ್ಕು, ಚೀಲದ ಪಟ್ಟಿಯನ್ನು ಹೆಗಲಿಗೆ ಇನ್ನಷ್ಟು ಎಳೆದುಕೊಳ್ಳುತ್ತಾರೆ. ಆ ನಗು ಅಲ್ಲಿಗೇ ನಿಲ್ಲುವುದಕ್ಕೊಂದು ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇವೆ.

ಲೋಲಾಕ್ಷಿಯವರದು ಉಡುಪಿ ಕಡೆಯ ಕಟಪಾಡಿ. ಮನೆಮಾತು ತುಳು. ಗಂಡ ಸಂಕಪ್ಪ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಒಂದು ಸಂಜೆ ಫುಟ್‌ಬೋರ್ಡಿನಿಂದ ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಬಸ್ಸು ಹತ್ತಲಿಲ್ಲ. ಬೀದಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದ ಲೋಲಾಕ್ಷಿ ಪರಿಚಯದವರೊಬ್ಬರ ಮಾತು ಹಿಡಿದು ಮಸ್ಕತ್ತಿಗೆ ಬಂದು, ಅಲ್ಲಿನ ದಾರ್ಸೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಅಡುಗೆಗೆ ನಿಂತರು. ಆ ಮನೆಯವರು ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಈ ಅತಿಥಿಗೃಹದ ಮಾಲೀಕರು ಹೊಸ ಕಫೀಲ್, ಅಂದರೆ ಕೆಲಸದವರ ಜವಾಬ್ದಾರಿ ಹೊರುವ ಯಜಮಾನರಾಗಿ ವೀಸಾ ಕೊಟ್ಟರು. ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸವಿತ್ತು. ಒಂದು ದಿನ ಹಿರಿಯ ವಿದೇಶಿ ಹೆಂಗಸೊಬ್ಬರು ಉದ್ದದ ಅಬಾಯ ಎಡವಿ ಬೀಳಲಿದ್ದಾಗ, ಗುಡಿಸುತ್ತಿದ್ದ ಲೋಲಾಕ್ಷಿ ಓಡಿ ಬಂದು ಸೊಂಟದಲ್ಲಿ ಎರಡು ಮಡಿಕೆ ಹಾಕಿ ಪಿನ್ನು ಚುಚ್ಚಿಕೊಟ್ಟರು. ಅದನ್ನು ಕಂಡ ಫಾತಿಮಾ ಮರುದಿನದಿಂದ ಅವರನ್ನು ಬಿಡಲಿಲ್ಲ.

"ಲೋಲಾ ಹಿಂದೆ ಇದ್ದರೆ ನಾನು ತಿರುಗಿ ನೋಡುವುದೇ ಇಲ್ಲ," ಎಂದು ಫಾತಿಮಾ ಹಿಂದಿಯಲ್ಲಿ ಹೇಳುತ್ತಾರೆ.

ಇನ್ನು ಆ ಫೋಟೊದ ವಿಷಯ. ಪ್ರವಾಸಿಯೊಬ್ಬ ತೆಗೆದು ಕಳಿಸಿದ ಚಿತ್ರವನ್ನು ಲೋಲಾಕ್ಷಿ ಗಂಡನಿಗೆ ವಾಟ್ಸ್‌ಆ್ಯಪ್ ಮಾಡಿದ್ದರು. ಅದರಲ್ಲಿ ಅವರು ಗತ್ತಿನಿಂದ ಕೈ ಎತ್ತಿ ಏನೋ ತೋರಿಸುತ್ತಿದ್ದಾರೆ. ಬಿಳಿ ಟೊಪ್ಪಿಯ ದಂಪತಿ ಬಹಳ ಶ್ರದ್ಧೆಯಿಂದ ಅತ್ತ ನೋಡುತ್ತಿದ್ದಾರೆ. ಸಂಕಪ್ಪ ಅದನ್ನು ಕಟಪಾಡಿಯ ಹೋಟೆಲಿನಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ಕಳಿಸಿದರು. ನನ್ನ ಹೆಂಡತಿ ಒಮಾನಿನಲ್ಲಿ ಗೈಡ್, ಫಾರಿನ್ನಿನವರಿಗೆ ಇತಿಹಾಸ ಹೇಳುತ್ತಾಳೆ ಎಂದರು. ಸೊಂಟ ಮುರಿದ ಮೇಲೆ ಹೋಟೆಲಿನ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ ಮನುಷ್ಯ ಆವತ್ತಿನಿಂದ ನಡುವಿನ ಟೇಬಲ್ಲಿಗೆ ಬಂದರು.

ಲೋಲಾಕ್ಷಿ ತೋರಿಸುತ್ತಿದ್ದದ್ದು ಟಾಯ್ಲೆಟ್ಟನ್ನು.

"ಹೇಳ್ಬೇಕಿತ್ತು. ಫೋನಿನಲ್ಲಿ ಗಂಡನ ದನಿ ಕೇಳಿ ಬಾಯಿ ಬರ್ಲಿಲ್ಲ. ಅಷ್ಟು ಖುಷಿ ಅವರಿಗೆ. ನಾಳೆ ಹೇಳುವ, ನಾಡಿದ್ದು ಹೇಳುವ ಅಂತ ಹೋಯ್ತು. ಮತ್ತೆ ಊರಿಗೆ ರಜೆಯಲ್ಲಿ ಹೋದಾಗ ಎಲ್ಲರೂ 'ಗೈಡಕ್ಕ' ಅಂತ ಕರೀಲಿಕ್ಕೆ ಶುರು. ನಾನೂ ನಗಾಡಿದೆ. ಬೇರೆಯವರ ಚಪ್ಪಲಿ ಜೋಡಿಸುವವಳು ಅಂತ ಹೇಗೆ ಹೇಳುದು?"

ಈ ಸುಳ್ಳಿನ ಬೆಲೆ ತೆತ್ತವರು ಬೇರೆಯವರು. ಕಳೆದ ಚಳಿಗಾಲದಲ್ಲಿ ಒಮಾನಿನದೇ ಇನ್ನೊಂದು ಊರು ಸೊಹಾರ್‌ನಿಂದ ಒಂದು ಕುಟುಂಬ ಬಂತು. ಉಕ್ಕಿನ ಕಾರ್ಖಾನೆಯ ಎಂಜಿನಿಯರ್ ಸುಮಿತ್, ಹೆಂಡತಿ ಯಶ್ಮಿತಾ, ಊರಿನಿಂದ ಮಗನನ್ನು ನೋಡಲು ಬಂದಿದ್ದ ತಾಯಿ ವಾರಿಜಕ್ಕ. ಯಶ್ಮಿತಾ ಕಾರಿನಿಂದ ಇಳಿಯುವುದನ್ನು ಕಂಡದ್ದೇ ತಡ, ಲೋಲಾಕ್ಷಿಗೆ ಗುರುತು ಹತ್ತಿತು. ಕಟಪಾಡಿಯಲ್ಲಿ ಅವರ ಮನೆಯಿಂದ ನಾಲ್ಕು ಮನೆ ಆಚೆಯ ಹುಡುಗಿ. ಮದುವೆಯ ರವಿಕೆ ಹೊಲಿದುಕೊಟ್ಟದ್ದೂ ಇವರೇ. ಲೋಲಾಕ್ಷಿ ಶಾಲನ್ನು ಮೂಗಿನವರೆಗೆ ಎಳೆದುಕೊಂಡರು. ಧೂಳಿಗೆ ಹಾಗೆ ಮಾಡುವವರು ಇಲ್ಲಿ ಬೇಕಷ್ಟಿದ್ದಾರೆ, ಯಾರಿಗೂ ಸಂಶಯ ಬರಲಿಲ್ಲ. ಒಂದು ಮಾತಾಡದೆ ಹಿಂದೆ ನಡೆದರು. ಮುಂದೆ ಹೋಗುತ್ತಿದ್ದವರ ತುಳು ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ಕೇಳದವರಂತೆ ಗೋಡೆ ನೋಡುತ್ತಾ ಹೆಜ್ಜೆ ಹಾಕಿದರು.

ಹಳೆ ಕೇರಿಯ ಕೋಟೆಗೋಡೆಯನ್ನು ಹತ್ತುವ ಜಾಗದಲ್ಲಿ ವಾರಿಜಕ್ಕನ ಮಂಡಿ ಕೈಕೊಟ್ಟಿತು. ನೀವು ಹೋಗಿ ಬನ್ನಿ ಎಂದು ಅವರು ಕೆಳಗೇ ಕೂತರು. ಫಾತಿಮಾ ಉಳಿದಿಬ್ಬರನ್ನು ಕರೆದುಕೊಂಡು ಮೇಲೆ ಹೋದರು. ಓಣಿಯಲ್ಲಿ ವಾರಿಜಕ್ಕ ಮತ್ತು ಲೋಲಾಕ್ಷಿ. ಎದುರಿನ ಕಟ್ಟೆಯ ಮೇಲೆ ಮೂರ್ನಾಲ್ಕು ಗಂಡಸರು ಕಾಫಿ ಕುಡಿಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ವಾರಿಜಕ್ಕ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ಮಗಾ, ಪಿದಾಯಿ ಪೋವೊಡು. ಓಲು ಉಂಡು?"

ಹೊರಗೆ ಹೋಗಬೇಕು, ಎಲ್ಲಿದೆ ಎಂದು ಅರ್ಥ. ಬಾತ್‌ರೂಮ್ ಎಂಬ ಶಬ್ದ ಅವರಿಗೆ ಗೊತ್ತಿಲ್ಲದ್ದೇನಲ್ಲ. ಗಂಡಸರೆದುರು ಅವರಿಗೂ ತಿಳಿಯುವ ಶಬ್ದ ಹೇಳಲು ಸಂಕೋಚ. ಈ ಹೆಂಗಸಿನ ಕಣ್ಣು, ಹಣೆ, ನಿಲ್ಲುವ ರೀತಿ ನಮ್ಮ ಕಡೆಯದ್ದಿರಬಹುದೆಂದು ಅವರಿಗೆ ಅನಿಸಿತ್ತು.

ಲೋಲಾಕ್ಷಿ ಅರ್ಥವಾಗದವರಂತೆ ನಿಂತರು.

ವಾರಿಜಕ್ಕ ಇನ್ನೊಮ್ಮೆ ಕೇಳಿದರು. ಲೋಲಾಕ್ಷಿ ತಲೆ ಅಲ್ಲಾಡಿಸಿದರು. ಮುದುಕಿ ಒಮ್ಮೆ ಗೋಡೆಯ ಮೇಲ್ಗಡೆ ನೋಡಿದರು, ಒಮ್ಮೆ ಗಂಡಸರ ಕಡೆ ನೋಡಿದರು, ಕಾಲು ಒತ್ತಿ ಹಿಡಿದು ಕೂತರು. ಓಣಿಯ ತಿರುವು ದಾಟಿದರೆ ಅತಿಥಿಗೃಹದ ಹಿಂಬಾಗಿಲು, ಅದರೊಳಗೇ ಬಾತ್‌ರೂಮು ಇತ್ತು.

"ಕೈ ತೋರಿಸಿದ್ರೂ ಸಾಕಿತ್ತು ಮಾರಾಯ್ರೆ. ಲೋಕದವರಿಗೆಲ್ಲ ತೋರಿಸುವ ಕೈ. ತೋರಿಸಿದ್ರೆ ತುಳು ಗೊತ್ತುಂಟು ಅಂತ ಆಗ್ತದೆ. ಅವರು ಸೊಸೆ ಹತ್ರ ಹೇಳ್ತಾರೆ, ಸೊಸೆ ನನ್ನ ಮುಖ ನೋಡ್ತಾಳೆ, ಊರಿಗೆ ಫೋನ್ ಹೋಗ್ತದೆ. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಎದುರಿಗೆ ಕೂತವರು ನನ್ನ ಅಮ್ಮನ ಪ್ರಾಯದವರು ಅಂತ ತಲೆಗೆ ಹೋಗ್ಲೇ ಇಲ್ಲ."

ವಾರಿಜಕ್ಕ ತಡೆಯಲಾರದೆ ಎದ್ದು ನಿಂತರು. ನಿಂತಲ್ಲೇ ಆಗಿಹೋಯಿತು. ಸೀರೆಯ ನೆರಿಗೆ ಒದ್ದೆಯಾಗಿ, ಕಾಲ ಬುಡದ ಮಣ್ಣು ಕಪ್ಪಾಯಿತು. ಅವರು ಅಳಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿದರು. ಇದನ್ನು ಹೇಳುವಾಗ ಲೋಲಾಕ್ಷಿ ಕೂಡ ಗೋಡೆಯ ಕಡೆಗೇ ತಿರುಗಿರುತ್ತಾರೆ.

ಆಗ ಚೀಲ ಬಿಚ್ಚಿತು. ಲೋಲಾಕ್ಷಿ ದೊಡ್ಡ ಅಬಾಯವೊಂದನ್ನು ಎಳೆದು ಮುದುಕಿಯ ಭುಜದ ಮೇಲಿಂದ ಕಾಲಿನವರೆಗೆ ಇಳಿಬಿಟ್ಟು, ಗಂಡಸರಿಗೂ ಅವರಿಗೂ ನಡುವೆ ತಾವು ನಿಂತರು. ಶಾಲು ಮೂಗಿನಿಂದ ಜಾರಿತ್ತು. "ಪೋಡ್ಯೊಡ್ಚಿ ಅಮ್ಮಾ, ಯಾನ್ ಉಲ್ಲೆ," ಎಂದರು. ಹೆದರಬೇಡಿ, ನಾನಿದ್ದೇನೆ. ತೀರಾ ತಡವಾಗಿ ಬಂದ ತುಳು.

ವಾರಿಜಕ್ಕ ಮುಖ ಎತ್ತಿ ನೋಡಿದರು. ಬೈಯಲಿಲ್ಲ. ಕೈ ಹಿಡಿದುಕೊಂಡು ಹಿಂಬಾಗಿಲವರೆಗೆ ನಡೆದರು. ಲೋಲಾಕ್ಷಿ ಬಿಸಿನೀರು ಹಾಕಿ ಕಾಲು ತೊಳೆದರು, ಒದ್ದೆ ಸೀರೆಯನ್ನು ಸುತ್ತಿ ಬಕೆಟಿಗೆ ಹಾಕಿದರು. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದರೋ ಅವರಿಗೇ ನೆನಪಿಲ್ಲ. ಊರು, ಯಶ್ಮಿತಾ, ಗಂಡ, ಫೋಟೊ, ಎಲ್ಲವನ್ನೂ ಆ ಬಾತ್‌ರೂಮಿನ ನೆಲದಲ್ಲಿ ಕೂತೇ ಹೇಳಿ ಮುಗಿಸಿದರು.

ಗೋಡೆ ಇಳಿದು ಬಂದವರ ಎದುರು ಕಪ್ಪು ಅಬಾಯ ತೊಟ್ಟು ವಾರಿಜಕ್ಕ ನಿಂತಿದ್ದರು. ಸುಮಿತ್ ನಗಲು ಶುರುಮಾಡಿದ. "ಫೋಟೊ ತೆಗಿ. ಇಷ್ಟು ದೂರ ಬಂದದ್ದು ಮತ್ತೆ ಎಂತಕ್ಕೆ?" ಎಂದು ತಾಯಿ ಗದರಿಸಿದರು. ಇದನ್ನು ಬಿಚ್ಚುವುದಿಲ್ಲ, ಮನೆಗೆ ಹೀಗೇ ಬರುತ್ತೇನೆ ಎಂದು ಹಟ ಹಿಡಿದರು. ಬಕೆಟಿನಲ್ಲಿದ್ದ ಸೀರೆಯ ಬಗ್ಗೆ ಮಾತಿಲ್ಲ. ಒಳಗೇ ಉಳಿದ ಲೋಲಾಕ್ಷಿಯ ಬಗ್ಗೆಯೂ ಮಾತಿಲ್ಲ. ವಿಷಯ ಊಹಿಸಿದ ಫಾತಿಮಾ, ಅಬಾಯ ಅತಿಥಿಗೃಹದ ಉಡುಗೊರೆ ಎಂದು ಹೇಳಿ "ಖಲಾಸ್" ಎಂದರು. ಕಾರು ಹೊರಟಿತು.

ಆಮೇಲೆ ಲೋಲಾಕ್ಷಿಗೆ ಊಟ ಸೇರಲಿಲ್ಲ. ಮೊದಲು ಇದ್ದದ್ದು ಚೀಲ ಹೊರುವ ನಾಚಿಕೆ. ಈಗ ಅದು ಯಾವ ಲೆಕ್ಕಕ್ಕೂ ಇಲ್ಲ ಅನಿಸಿತು. ಇದು ಬೇರೆ ಥರದ ನಾಚಿಕೆ, ಕನ್ನಡಿ ನೋಡಲು ಬಿಡದಂಥದ್ದು. ಸೀರೆಯನ್ನು ತೊಳೆದು, ಇಸ್ತ್ರಿ ಹಾಕಿ, ಲೋಬಾನ ಹಿಡಿದು, ಸೊಹಾರ್ ಕಡೆ ಹೋಗುವ ವ್ಯಾನಿನ ಡ್ರೈವರ್ ಬಾದುಶಾನ ಕೈಯಲ್ಲಿ ಕಳಿಸಿದರು.

ಈ ಪುರವಣಿಯವರಿಗೆ ಲೋಲಾಕ್ಷಿಯ ಸುದ್ದಿ ಕೊಟ್ಟದ್ದು ವಾರಿಜಕ್ಕನೇ. ನಿಜ್ವಾದಲ್ಲಿ ನಮ್ಮವಳೊಬ್ಬಳು ಒಳ್ಳೆಯ ಕೆಲಸ ಮಾಡುತ್ತಿದ್ದಾಳೆ, ಬರೆಯಿರಿ ಎಂದಷ್ಟೇ ಹೇಳಿದ್ದರು. ಆದರೆ ಲೋಲಾಕ್ಷಿ ಒಪ್ಪಲಿಲ್ಲ. ಭಾನುವಾರದ ಪುರವಣಿಯನ್ನು ಸಂಕಪ್ಪ ಹೋಟೆಲಿನಲ್ಲಿ ಗಟ್ಟಿಯಾಗಿ ಓದುವವರು. ನಡುವಿನ ಟೇಬಲ್ಲಿನಲ್ಲಿ ಕೂತು ಹೆಂಡತಿಯ ಚೀಲದ ಕಥೆ ಓದಬೇಕಾಗುತ್ತದೆ. ಹೆಸರು ಬದಲಿಸುತ್ತೇವೆ ಎಂದರೂ ಬೇಡ ಎಂದರು. ಒಳ್ಳೆಯದನ್ನು ಮಾತ್ರ ಬರೆಯುವುದಂತೂ ಬೇಡವೇ ಬೇಡ, ಅದು ಇನ್ನೊಂದು ಸುಳ್ಳು ಎಂದರು.

ಕೊನೆಗೆ ವಾರಿಜಕ್ಕನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದಾಯಿತು. ಅತ್ತಲಿಂದ ಅವರು ಹೇಳಿದರು: "ಎಲ್ಲ ಬರೀರಿ. ನನ್ನ ಹೆಸರೂ ಹಾಕಿ. ಈ ಪ್ರಾಯದಲ್ಲಿ ಆಗುದೇ ಅದು. ಒದ್ದೆ ಆದದ್ದು ನನ್ನ ಸೀರೆ. ನಾನೇ ಹೇಳ್ತೇನೆ ಅಂತ ಆದ ಮೇಲೆ ಅವಳಿಗೆ ಎಂತ ಕಷ್ಟ? ನನ್ನ ಕಾಲು ತೊಳ್ದವಳು ಅವಳು. ಆ ಸೀರೆಯ ಪರಿಮಳ ಇನ್ನೂ ಹೋಗ್ಲಿಲ್ಲ."

ಲೋಲಾಕ್ಷಿ ಫೋನ್ ತೆಗೆದುಕೊಂಡು ಖರ್ಜೂರದ ಮರದ ಬುಡಕ್ಕೆ ಹೋದರು. ಗಂಡನಿಗೆ ಕರೆ ಮಾಡಿ ಎಲ್ಲ ಹೇಳಿದರು. ನಾನು ಗೈಡ್ ಅಲ್ಲ. ಆವತ್ತು ತೋರಿಸಿದ್ದು ಕೋಟೆಯನ್ನಲ್ಲ. ಕೇಳಿದ ಮುದುಕಿಗೆ ಮಾತ್ರ ತೋರಿಸಲಿಲ್ಲ. ಹಿಂದಿನಿಂದ ಹೋಟೆಲಿನ ಲೋಟಗಳ ಸದ್ದು ಮಾತ್ರ ಕೇಳುತ್ತಿತ್ತಂತೆ. ಫೋನ್ ಇಟ್ಟುಬಿಟ್ಟರೇನೋ ಎಂದು ನೋಡುವಷ್ಟರಲ್ಲಿ ಸಂಕಪ್ಪ ಕೇಳಿದರಂತೆ:

"ಪೇಪರಿನಲ್ಲಿ ಫೋಟೊ ಯಾರದ್ದು ಹಾಕ್ತಾರೆ? ಆ ಗೈಡಿನದ್ದಾ, ನಿನ್ನದ್ದಾ?"

"ನನ್ನದ್ದು."

"ಹಾಗಾದ್ರೆ ಚೀಲ ಹಿಡ್ಕೊಂಡೇ ನಿಲ್ಲು."

ಈ ಪುಟದಲ್ಲಿರುವುದು ಆ ಚಿತ್ರ. ಹೆಗಲಲ್ಲಿ ಚೀಲವಿದೆ, ಶಾಲು ಕತ್ತಿನ ಕೆಳಗಿದೆ, ಮುಖ ಪೂರ್ತಿ ಕಾಣುತ್ತದೆ. ಹೇಗೆ ನಿಲ್ಲಬೇಕೆಂದು ಯಾರೂ ಹೇಳಿಕೊಡಲಿಲ್ಲ, ಅವರೇ ಕೈ ಎತ್ತಿ ಓಣಿಯ ತಿರುವಿನ ಕಡೆ ತೋರಿಸಿದರು. ಅಲ್ಲಿ ಏನಿದೆ ಎಂದು ಕಟಪಾಡಿಯ ಹೋಟೆಲಿನಲ್ಲಿ ಯಾರಾದರೂ ಕೇಳಿದರೆ ಸಂಕಪ್ಪ ಹೇಳುತ್ತಾರೆ.